ಬಿಳಿ ಬೆಲ್ಟನ್ನು ಎರಡನೇ ಸಲ ಕಟ್ಟಿದ ವರ್ಷ

ಕರಾಟೆಗೆ ನಾನು ಸೇರಿದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಮಗಳನ್ನು ಕ್ಲಾಸಿಗೆ ಬಿಟ್ಟು ಒಂದು ತಾಸು ಹೊರಗೆ ಸ್ಕೂಟಿ ಮೇಲೆ ಕೂತಿರುತ್ತಿದ್ದೆ. ಒಂದು ದಿನ ಅಲ್ಲಿನ ಸರ್ ಬಂದು, "ಬಿಸಿಲಾಗ ಎದಕ ಕೂಡ್ತೀರಿ ಮೇಡಂ, ಒಳಗ ಬಂದು ನಿಲ್ರಿ" ಅಂದರು. ನಿಂತೆ. ಆರು ತಿಂಗಳಿಗೆ ಮಗಳು ಬಿಟ್ಟು ಕಬಡ್ಡಿಗೆ ಹೋದಳು, ನಾನು ಉಳಿದೆ.

ಆ ಕ್ಲಾಸಿನಲ್ಲಿದ್ದ ಎಂಟು ತಿಂಗಳಲ್ಲಿ ಎರಡು ಪರೀಕ್ಷೆ ಆದವು, ಎರಡು ಸಲ ಫೀಸು ಕಟ್ಟಿದೆ, ಹಳದಿ ಬೆಲ್ಟು ಬಂತು, ಅದರ ಬೆನ್ನಿಗೇ ಕಿತ್ತಳೆ ಬಂತು. ಒಬ್ಬರೂ ಫೇಲಾಗಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಪೇಪರ್ ತಿದ್ದದೆ ಅಂಕ ಹಾಕುವುದು ಎಂಥ ಅನ್ಯಾಯ ಅಂತ ಗೊತ್ತಿದ್ದವಳು. ಆ ಕಿತ್ತಳೆ ಬೆಲ್ಟು ಸೊಂಟದಲ್ಲಿ ಚುಚ್ಚತೊಡಗಿತು. ಬಿಟ್ಟೆ.

ಬೇರೆ ಕ್ಲಾಸಿಗೆ ಸೇರಿದೆ. ಅಲ್ಲಿನ ಸರ್ ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಮೊದಲ ದಿನ ಬರೀ ಗೆದಾನ್ ಬರಾಯಿ ಮಾಡಿಸಿದರು, ಅಂದರೆ ಕೆಳಗೆ ಬರುವ ಏಟನ್ನು ಮುಂಗೈಯಿಂದ ತಡೆಯುವುದು. ಹತ್ತು ಸಲ ನೋಡಿದರು. ಆಮೇಲೆ ಮೆಲ್ಲಗೆ, "ಅಕ್ಕಾರ, ಬಿಳಿ ಬೆಲ್ಟ್ ಕಟ್ರಿ. ಒಂದು ವರ್ಷ ಒಂದೇ ಕಟಾ ಮಾಡೋಣು" ಅಂದರು. ಬಿಳಿ ಅಂದರೆ ಹೊಸಬರ ಬೆಲ್ಟು; ಕಟಾ ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಹೊಡೆತ, ತಡೆಗಳ ಸಾಲು. ಆ ರಾತ್ರಿ ಅತ್ತೆಯವರು, ಮಗಳು ಮಲಗಿದ ಮೇಲೆ ಅಡುಗೆ ಮನೆಯಲ್ಲಿ ಕಣ್ಣೀರು ಹಾಕಿದೆ. ಬೆಳಿಗ್ಗೆ ಹೋಗಿ ಕಟ್ಟಿದೆ. ಈಗ ಆರು ವರ್ಷವಾಯಿತು, ನನಗೆ ಕರಾಟೆ ಕಲಿಸಿದ್ದು ಆ ಒಂದು ಮಾತು.

ಆ ಕಟಾ ಹೇಯಾನ್ ಶೋದಾನ್. ಶೋತೋಕಾನ್ ಎಂಬ ಕರಾಟೆ ಶೈಲಿ ಕಲಿಯುವವರಲ್ಲಿ ಹೆಚ್ಚಿನವರು ಶುರುವಿನಲ್ಲೇ ಮಾಡುವುದು ಅದನ್ನು. ಇಪ್ಪತ್ತೊಂದು ಚಲನೆ, ಎರಡು ಕಡೆ ಕಿಯಾಯಿ, ಅಂದರೆ ಕೂಗು. ಓದುತ್ತ ಹೋದಾಗ ನನಗೆ ತುಂಬ ಹತ್ತಿರವಾದ ಸಂಗತಿಯೊಂದು ಸಿಕ್ಕಿತು: ಇದನ್ನು ಮಾಡಿದ್ದೇ ಶಾಲೆಗಾಗಿ. ಜಪಾನಿನ ಒಕಿನಾವಾ ದ್ವೀಪದ ಕರಾಟೆ ಗುರು ಇತೊಸು ಆಂಕೊ 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಶಾಲೆಗಳಿಗೆ ಕರಾಟೆ ತಂದಾಗ ಮಕ್ಕಳಿಗಾಗಿ ಐದು ಕಟಾ ಹೊಂದಿಸಿದರು, ಪಿನಾನ್ ಎಂಬ ಹೆಸರಲ್ಲಿ. 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆ ತೋರಿಸಿದ, ಶೋತೋಕಾನ್ ಶೈಲಿಯ ಮೂಲಗುರು ಗಿಚಿನ್ ಫುನಾಕೋಶಿ ಅವನ್ನೇ ಹೇಯಾನ್ ಎಂದು ಕರೆದರು, ಮೊದಲನೆಯದನ್ನು ಎರಡನೆಯದು ಮಾಡಿದರು, ಎರಡನೆಯದನ್ನು ಮೊದಲಿಗೆ ತಂದರು. ಯಾವುದು ಸುಲಭವೋ ಅದು ಮುಂಚೆ. ಫುನಾಕೋಶಿಯೂ ಶಾಲಾ ಮಾಸ್ತರರೇ. ಪಾಠದ ಕ್ರಮ ಬದಲಿಸಿದ ಒಬ್ಬ ಮಾಸ್ತರರ ಕೈ ಅದರಲ್ಲಿ ನನಗೆ ಕಾಣುತ್ತದೆ.

ಅಭ್ಯಾಸ ನಮ್ಮ ಪಡಸಾಲೆಯಲ್ಲಿ, ಬೆಳಿಗ್ಗೆ ಐದಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಕಡೆ ಸರಕಾರಿ ಕಚೇರಿಗಳೇ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ನಲವತ್ತೆರಡು ಡಿಗ್ರಿ ದಾಟುವ ಊರಲ್ಲಿ ಸಂಜೆ ಆರಕ್ಕೂ ಮಾಳಿಗೆಯ ಮೇಲೆ ಬರಿಗಾಲಿಡಲಾಗದು. ನೆಲಕ್ಕೆ ಶಹಾಬಾದ್ ಫರಸಿ. ಎರಡಡಿ ಚೌಕದ ಕಲ್ಲುಗಳು, ನಡುವೆ ನೇರ ಸಂದು. ಅದಕ್ಕಿಂತ ಒಳ್ಳೆಯ ಸಲಕರಣೆ ನನಗೆ ಸಿಕ್ಕಿಲ್ಲ. ಜೆನ್‌ಕುತ್ಸು ದಾಚಿ ಎಂಬ ನಿಲುವಿನಲ್ಲಿ ಮುಂದಿನ ಮೊಣಕಾಲು ಮಡಚಿ, ಹಿಂದಿನ ಕಾಲು ಚಾಚಿ ನಿಲ್ಲಬೇಕು. ಭಾರ ಮುಂದೆ ಅರವತ್ತು ಪಾಲು, ಹಿಂದೆ ನಲವತ್ತು. ಹೊಸಬರು ಮಾಡುವ ತಪ್ಪೆಂದರೆ ಎರಡೂ ಪಾದ ಒಂದೇ ಗೆರೆಯಲ್ಲಿಡುವುದು. ಪಕ್ಕದಿಂದ ಯಾರಾದರೂ ಮುಟ್ಟಿದರೂ ಬೀಳುತ್ತೀರಿ. ಭುಜದಷ್ಟು ಅಗಲ ಬೇಕು. ನಾನು ಸಂದನ್ನು ನಡುವೆ ಬಿಟ್ಟು ಅದರ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಡೆದೆ. ಎರಡು ತಿಂಗಳಲ್ಲಿ ಅಗಲ ತಾನಾಗಿ ಬಂತು.

ಬರದಿದ್ದದ್ದು ಸೊಂಟ. ಒಂದು ಕೈ ಮುಂದೆ ಹೊಡೆಯುವಾಗ ಇನ್ನೊಂದು ಕೈ ಸೊಂಟಕ್ಕೆ ಎಳೆದು ಬರಬೇಕು, ಅದಕ್ಕೆ ಹಿಕಿತೆ ಅನ್ನುತ್ತಾರೆ. ನನ್ನದು ಹೊಡೆಯುವ ಕೈ ಬೇರೆ, ಎಳೆಯುವ ಕೈ ಬೇರೆ, ನಡುವೆ ಮೈ ಕಂಬದ ಹಾಗೆ ಸುಮ್ಮನೆ. ಸರ್ ಎಷ್ಟೋ ರೀತಿ ಹೇಳಿದರು, ತಲೆಗೆ ಹೋಯಿತು, ಮೈಗೆ ಇಳಿಯಲಿಲ್ಲ. ಒಂದು ಭಾನುವಾರ ನಾನು ಹಾಗೆ ಒದ್ದಾಡುತ್ತಿದ್ದಾಗ ಅತ್ತೆಯವರು ಆಚೆ ಮೂಲೆಯಲ್ಲಿ ಕೂತು ಮಜ್ಜಿಗೆ ಕಡೆಯುತ್ತಿದ್ದರು. ಹಗ್ಗದ ಒಂದು ತುದಿ ಎಡಗೈಯಲ್ಲಿ, ಇನ್ನೊಂದು ಬಲಗೈಯಲ್ಲಿ. ಒಂದು ಬಂದಷ್ಟೇ ಇನ್ನೊಂದು ಹೋಗಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ತಿರುಗುವುದು ಮಾತ್ರ ನಡುವಿನ ಕಡಗೋಲು. ನೋಡುತ್ತ ನಿಂತುಬಿಟ್ಟೆ. ನನ್ನ ಬೆನ್ನೆಲುಬೇ ಕಡಗೋಲು! "ಅತ್ತಿ, ನಾ ಕಡೀತೀನಿ ಕೊಡ್ರಿ" ಅಂದೆ. "ಇಷ್ಟು ದಿನ ಮುಟ್ಟದಾಕಿ ಇವತ್ತ ಏನಾತವ್ವ" ಅಂದರು. ಅರ್ಧ ತಾಸು ಕಡೆದೆ. ಎದ್ದು ಹತ್ತು ಸಲ ಓಯಿ ಜುಕಿ, ಅಂದರೆ ಹೆಜ್ಜೆ ಮುಂದಿಟ್ಟು ಕೊಡುವ ಗುದ್ದು, ಹೊಡೆದೆ. ಮೊದಲ ಸಲ ತೋಳು ಚಟ್ಟನೆ ಶಬ್ದ ಮಾಡಿತು. ಎಳೆಯುವ ಕೈಯನ್ನು ನೆನೆದರೆ ಸಾಕು, ಹೊಡೆಯುವ ಕೈ ತಾನೇ ಹೋಗುತ್ತದೆ ಎಂದು ಆ ದಿನ ತಿಳಿಯಿತು. ಈಗಲೂ ಹೊಸದಾಗಿ ಬಂದವರಿಗೆ ನಾನು ಹೇಳುವುದು ಅದನ್ನೇ.

ಮೊಣಕಾಲಿನ ಕತೆ ಹೇಳಲೇಬೇಕು, ವಯಸ್ಸಾದ ಮೇಲೆ ಕಲಿಯುವವರಿಗೆ ಅದು ಬೇಕಾಗುತ್ತದೆ. ಈ ಕಟಾದಲ್ಲಿ ಎರಡು ಕಡೆ 270 ಡಿಗ್ರಿ ತಿರುವು ಇದೆ, ಎರಡೂ ಕೂಗಿನ ಮರುಕ್ಷಣ. ಮುಂದೆ ಚಾಚಿದ ಬಲಗಾಲ ಮೇಲೆ ಇಡೀ ಮೈ ಎಡಕ್ಕೆ ಮುಕ್ಕಾಲು ಸುತ್ತು ತಿರುಗಬೇಕು. ಚಳಿಗಾಲದಲ್ಲಿ ಕೆಲವು ವಾರ ನಾನು ಮಾಳಿಗೆಯ ಮೇಲೆ, ಒರಟು ಸಿಮೆಂಟಿನಲ್ಲಿ ಮಾಡಿದೆ. ಪಾದ ಅಂಟಿಕೊಂಡು ನಿಂತಿತು, ಮೈ ತಿರುಗಿತು, ನಡುವೆ ಸಿಕ್ಕಿದ್ದು ಮೊಣಕಾಲು. ಮರುದಿನ ಬಾತು ತೆಂಗಿನಕಾಯಿಯಂತಾಯಿತು. ಡಾಕ್ಟರು ಮೂರು ವಾರ ಕಟಾ ಬಿಡಿಸಿ, ತೊಡೆಯ ಸ್ನಾಯು ಬಲಪಡಿಸಿಕೊಳ್ಳಿ ಎಂದರು. ನಮ್ಮ ಮುತ್ಯಾ ಆಳಂದ ಕಡೆಯ ಹಳ್ಳಿಯಲ್ಲಿ ಪೈಲ್ವಾನ್ ಆಗಿದ್ದವರು. ಜಾತ್ರೆಯಲ್ಲಿ ತೆಂಗಿನಕಾಯಿ ಬಹುಮಾನದ ಕುಸ್ತಿಯಿಂದ ಶುರುಮಾಡಿ ಬೆಳ್ಳಿ ಕಡಗದವರೆಗೆ ಹೋದವರು. ತಾಲೀಮಿನಲ್ಲಿ ಹುಡುಗರಿಗೆ ತಿಂಗಳುಗಟ್ಟಲೆ ಬರೀ ಬೈಠಕ್ ಹೊಡೆಸುತ್ತಿದ್ದರಂತೆ, ಡಾವು ಕಲಿಸುತ್ತಿರಲಿಲ್ಲವಂತೆ. "ಕಾಲು ಗಟ್ಟಿ ಆಗ್ದ ಕೈ ಎತ್ತಬ್ಯಾಡ" ಅನ್ನುತ್ತಿದ್ದುದು ನನಗೂ ನೆನಪಿದೆ. ನೋವು ಇಳಿದ ಮೇಲೆ ಗೋಡೆಗೆ ಬೆನ್ನು ಹಚ್ಚಿ ಅರ್ಧ ಕೂತು ನಿಲ್ಲುವುದನ್ನು ಇಪ್ಪತ್ತು ಸೆಕೆಂಡಿನಿಂದ ಶುರುಮಾಡಿ ಎರಡು ನಿಮಿಷಕ್ಕೆ ತಂದೆ.

ಆಮೇಲೆ ಸರ್ ತಿರುವನ್ನೇ ಬಿಡಿಸಿ ಕಲಿಸಿದರು. ಮೊದಲು ತಲೆ ತಿರುಗಿ ನೋಡಬೇಕು. ಹಿಂದಿನ ಕಾಲನ್ನು ಎಳೆದು ನಿಂತ ಕಾಲಿನ ಹತ್ತಿರ ತರಬೇಕು, ಆಗ ಮೈ ಹಗುರಾಗುತ್ತದೆ. ಮೊಣಕಾಲು ಮತ್ತು ಕಾಲ್ಬೆರಳು ಯಾವಾಗಲೂ ಒಂದೇ ದಿಕ್ಕು ನೋಡಬೇಕು, ಪಾದ ತಿರುಗದೆ ಮೊಣಕಾಲು ತಿರುಗಬಾರದು. ತೊಂಬತ್ತು, ನೂರಾ ಎಂಬತ್ತು, ಇನ್ನೂರಾ ಎಪ್ಪತ್ತು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಕೋನ ಬರೆದವಳು ನಾನು. ಅದು ಕಾಲಿನಲ್ಲಿ ಏನೆಂದು ತಿಳಿದದ್ದು ಹೀಗೆ. ಮಾಳಿಗೆಗೆ ಮತ್ತೆ ಹೋಗಲಿಲ್ಲ. ಫರಸಿ ನುಣುಪಾಗಿರುವುದರಿಂದ ಪಾದ ಸರಿದು ತಿರುಗುತ್ತದೆ, ಆದರೆ ಬೆವರು ಬಿದ್ದರೆ ಜಾರುತ್ತದೆ. ಒಂದು ಒಣ ಬಟ್ಟೆ ಕಿಟಕಿಯಲ್ಲೇ ಇರುತ್ತದೆ, ಎರಡು ಕಟಾಗೊಮ್ಮೆ ಒರೆಸುತ್ತೇನೆ.

ಈ ಕಟಾದ ನಾಲ್ಕನೇ ಚಲನೆಯನ್ನು ನಾನು ಶಾಲೆಯ ಹುಡುಗಿಯರಿಗೆ ತೋರಿಸುತ್ತೇನೆ. ತಡೆದ ಕೈಯನ್ನು ಸೆಳೆದು, ಸುತ್ತಿಸಿ, ಮುಷ್ಟಿಯ ಕೆಳಬದಿಯಿಂದ ಸುತ್ತಿಗೆಯಂತೆ ಬಡಿಯುವುದು. ಅದರ ಒಂದು ಅರ್ಥ, ಹಿಡಿದ ಮಣಿಕಟ್ಟು ಬಿಡಿಸಿಕೊಳ್ಳುವುದು. ಯಾರೇ ಕೈ ಹಿಡಿದರೂ ಹಿಡಿತ ಸಡಿಲವಿರುವುದು ಹೆಬ್ಬೆರಳು ಬೆರಳುಗಳಿಗೆ ಕೂಡುವ ಜಾಗದಲ್ಲಿ. ಎಳೆಯಬೇಕಾದದ್ದು ಆ ಕಡೆಗೆ, ತೋಳಿನಿಂದಲ್ಲ, ಸೊಂಟದಿಂದ. ಎಂಟನೇ ತರಗತಿಯ ಒಬ್ಬ ಸಣ್ಣ ಹುಡುಗಿ ನನ್ನ ಹಿಡಿತ ಬಿಡಿಸಿಕೊಂಡಾಗ ಅವಳ ಮುಖ ನೋಡಬೇಕಿತ್ತು. ಇಷ್ಟು ಕಲಿತರೆ ಎಲ್ಲ ಕಷ್ಟದಿಂದ ಪಾರಾಗುತ್ತೀರಿ ಎಂದು ಅವರಿಗೆ ನಾನು ಹೇಳುವುದಿಲ್ಲ. ಕೈ ಬಿಡಿಸಿಕೊಂಡ ಕೂಡಲೇ ಓಡಿ, ಕೂಗಿ, ಮನೆಯಲ್ಲಿ ಹೇಳಿ ಎಂದು ಪ್ರತಿ ಸಲವೂ ಹೇಳುತ್ತೇನೆ. ನಮ್ಮಲ್ಲಿ ಹುಡುಗಿಯರಿಗೆ ಮೊದಲು ಕಲಿಸಬೇಕಾದದ್ದು ಆ ಕೂಗನ್ನೇ. ಕಿಯಾಯಿ ಮಾಡಿ ಎಂದರೆ ಮೊದಲ ಹದಿನೈದು ದಿನ ಯಾರ ಬಾಯಿಂದಲೂ ಸದ್ದು ಹೊರಡುವುದಿಲ್ಲ.

ನನಗೀಗ ಬ್ರೌನ್ ಬೆಲ್ಟು, ಕಪ್ಪಿಗಿಂತ ಮುಂಚಿನದು. ಮುಂದಿನ ಕಟಾಗಳೂ ಬಂದಿವೆ, ಆದರೂ ದಿನದ ಮೊದಲ ಕಟಾ ಹೇಯಾನ್ ಶೋದಾನೇ. ಈ ಕಟಾ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಮುಗಿಯಬೇಕು. ಹೆಜ್ಜೆ ಉದ್ದ ಗಿಡ್ಡವಾದರೆ, ತಿರುವು ಓರೆಯಾದರೆ ಆ ಲೆಕ್ಕ ಕೊನೆಗೆ ಕೂಡುವುದಿಲ್ಲ. ಶುರುವಿಗೆ ಫರಸಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಹಾಕುತ್ತೇನೆ. ಮೊದಲ ವರ್ಷ ಒಂದೂವರೆ ಅಡಿ ಮುಂದೆ ನಿಲ್ಲುತ್ತಿದ್ದೆ. ಇವತ್ತು ಬೆಳಿಗ್ಗೆ ನಾಲ್ಕು ಬೆರಳು. ಎರಡನೇ ತಿರುವಿನಲ್ಲಿ ಎಡಗಾಲು ಇನ್ನೂ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ ಎಂದು ಕಾಣುತ್ತದೆ, ನಾಳೆ ಅದನ್ನೊಂದೇ ಇಪ್ಪತ್ತು ಸಲ ಮಾಡಬೇಕು.