ಒಂದು ಅರ್ಜಿಗೆ ಒಂದೇ ಸುಳ್ಳು: ಹೋಲೋಕಾಸ್ಟ್ ಅಪಪ್ರಚಾರದ ವಿರುದ್ಧ ಅನುದಾನ ಪಡೆಯುವ ಬಗೆ

ಹೋಲೋಕಾಸ್ಟ್ ಬಗ್ಗೆ, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ನರಮೇಧದ ಬಗ್ಗೆ, ಅಂತರ್ಜಾಲದಲ್ಲಿ ಹಬ್ಬುವ ಸುಳ್ಳನ್ನು ಎದುರಿಸುವ ಯೋಜನೆಗಳಿಗೆ ಯುರೋಪಿನಲ್ಲಿ ಹಣ ಕೊಡುವವರಿದ್ದಾರೆ: ಐರೋಪ್ಯ ಒಕ್ಕೂಟದ ‘ಸೆರ್ವ್’ ಕಾರ್ಯಕ್ರಮ, ಬರ್ಲಿನ್ನಿನ ಇವಿಝಡ್ ಪ್ರತಿಷ್ಠಾನ, ಕ್ಲೇಮ್ಸ್ ಕಾನ್ಫರೆನ್ಸ್ ಎಂಬ ಸಂಸ್ಥೆ. ಅರ್ಜಿ ಯಾರಿಗೇ ಆಗಲಿ, ನಾನು ಮೊದಲು ಬರೆಯುವುದು ಒಂದೇ ವಾಕ್ಯ. ಯಾವ ಸುಳ್ಳು, ಯಾವ ಭಾಷೆಯಲ್ಲಿ, ಎಲ್ಲಿ, ಯಾರ ಕಿವಿಗೆ ಬೀಳುತ್ತಿದೆ? ‘ದ್ವೇಷದ ವಿರುದ್ಧ ಜಾಗೃತಿ’ ಎಂದಷ್ಟೇ ಬರೆದರೆ ಕೆಲಸ ಆಯಿತೋ ಇಲ್ಲವೋ ಅಳೆಯಲು ಏನೂ ಉಳಿಯುವುದಿಲ್ಲ.

ವೇದಿಕೆಯ ಆಯ್ಕೆ ಮುಖ್ಯ. ಯುನೆಸ್ಕೊ ಮತ್ತು ವಿಶ್ವಸಂಸ್ಥೆಯ 2022ರ ಅಧ್ಯಯನದಲ್ಲಿ, ಟೆಲಿಗ್ರಾಂನಲ್ಲಿ ಹೋಲೋಕಾಸ್ಟ್ ಕುರಿತ ಸಾರ್ವಜನಿಕ ಬರಹಗಳ ಪೈಕಿ ಶೇ. 49ರಷ್ಟು ಅದನ್ನು ನಿರಾಕರಿಸುವ ಇಲ್ಲವೇ ತಿರುಚುವಂಥವು, ಫೇಸ್‌ಬುಕ್‌ನಲ್ಲಿ ಶೇ. 8. ಎರಡಕ್ಕೂ ಒಂದೇ ತಂತ್ರ ನಡೆಯದು.

ಒಂದು ಉದಾಹರಣೆ ತೆಗೆದುಕೊಳ್ಳಿ. ‘ಸತ್ತವರು ಮೂರು ಲಕ್ಷ ಮಾತ್ರ, ರೆಡ್‌ಕ್ರಾಸ್ ದಾಖಲೆಯೇ ಹೇಳುತ್ತದೆ’ ಎನ್ನುವ ಸುಳ್ಳು ದಶಕಗಳಿಂದ ತಿರುಗುತ್ತಿದೆ. ಆ ಅಂಕಿ ಬಂದದ್ದು ರೆಡ್‌ಕ್ರಾಸ್‌ನಿಂದಲ್ಲ, ಜರ್ಮನಿಯ ಆರೊಲ್ಸೆನ್‌ನ ವಿಶೇಷ ನೋಂದಣಿ ಕಚೇರಿಯಿಂದ. ಯಾರಾದರೂ ಅರ್ಜಿ ಕೊಟ್ಟು ಕೇಳಿದಾಗ ಮಾತ್ರ ಅಲ್ಲಿ ಮರಣ ಪ್ರಮಾಣಪತ್ರ ಕೊಡುತ್ತಿದ್ದರು. ಇಡೀ ಕುಟುಂಬವೇ ಸತ್ತಿದ್ದರೆ ಅರ್ಜಿ ಹಾಕುವವರು ಯಾರು? ರೈಲಿನಿಂದ ಇಳಿಸಿ ನೇರ ಅನಿಲ ಕೋಣೆಗೆ ಒಯ್ದವರ ಹೆಸರನ್ನಂತೂ ಶಿಬಿರದ ದಫ್ತರದಲ್ಲೂ ಬರೆಯಲಿಲ್ಲ. ಇದರ ಎದುರಿಗೆ ನಾಜಿಗಳದೇ ಲೆಕ್ಕವನ್ನು ಇಡಬಹುದು: 1943ರ ಜನವರಿಯ ನಾಜಿ ಅಧಿಕಾರಿ ಹ್ಯೋಫ್ಲೆಯ ತಂತಿ ಸಂದೇಶದಲ್ಲಿ 1942ರ ಕೊನೆಯವರೆಗಿನ ರೈನ್‌ಹಾರ್ಡ್ ಕಾರ್ಯಾಚರಣೆಯ, ಅಂದರೆ ಆಕ್ರಮಿತ ಪೋಲೆಂಡಿನ ಹತ್ಯಾ ಶಿಬಿರಗಳಿಗೆ ಒಯ್ದ ಯಹೂದಿಗಳ, ಸಂಖ್ಯೆ 12,74,166. ಮೂರು ನಿಮಿಷದ ವಿಡಿಯೊಗೆ ಇಷ್ಟು ಸಾಕು. ಶೀರ್ಷಿಕೆಯಲ್ಲಿ ಮಾತ್ರ ಸುಳ್ಳನ್ನು ಬರೆಯಬೇಡಿ. ಹುಡುಕುವವರ ಕಣ್ಣಿಗೆ ಶೀರ್ಷಿಕೆಯಷ್ಟೇ ಬಿದ್ದು, ನೆನಪಿನಲ್ಲಿ ಅದೇ ಉಳಿಯುತ್ತದೆ.

18 ತಿಂಗಳ ಯೋಜನೆಗೆ ನೇರ ವೆಚ್ಚ 56,000 ಯೂರೊ ಎಂದುಕೊಳ್ಳಿ. ದಾಖಲೆ ಶೋಧ, ಚಿತ್ರಗಳ ಹಕ್ಕು, ಇತಿಹಾಸಕಾರರ ಪರಿಶೀಲನೆಗೆ 15,000, ತಯಾರಿಕೆಗೆ 12,000, ಪ್ರಸಾರಕ್ಕೆ 8,000, ಪ್ರತಿಕ್ರಿಯೆಗಳ ಮೇಲ್ವಿಚಾರಣೆಗೆ 11,000, ಮೌಲ್ಯಮಾಪನಕ್ಕೆ 10,000. ಇದರ ಮೇಲೆ ಶೇ. 7ರ ಪರೋಕ್ಷ ವೆಚ್ಚ 3,920 ಸೇರಿ 59,920. ಹೆಚ್ಚಿನ ಅರ್ಜಿಗಳಲ್ಲಿ ತಯಾರಿಕೆ ಅರ್ಧ ಹಣ ನುಂಗಿರುತ್ತದೆ, ಮೇಲ್ವಿಚಾರಣೆಗೆ ಸೊನ್ನೆ. ವಿಡಿಯೊ ಹಾಕಿದ ವಾರದಲ್ಲೇ ಕೆಳಗೆ ನಿರಾಕರಣೆಯ ಬರಹಗಳು ತುಂಬುತ್ತವೆ. ಅವನ್ನು ದಿನವಿಡೀ ಓದುವ ಹುಡುಗ ಹುಡುಗಿಯರಿಗೆ ಸರದಿ, ಆಪ್ತಸಮಾಲೋಚನೆ ಎರಡೂ ಬೇಕು. ಆ 11,000ವನ್ನು ನಾನು ಯಾವ ಚೌಕಾಸಿಗೂ ಬಿಟ್ಟುಕೊಡುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳೂ ಬೇಡ. ಒಂದು ನಕಲಿ ಮುಖ ಸಿಕ್ಕರೆ ಸಾಕು, ನಿಜವಾಗಿ ಬದುಕಿದ್ದವರ ಫೋಟೊಗಳನ್ನೂ ನಕಲಿ ಎಂದುಬಿಡುತ್ತಾರೆ.

ಮಾಹಿತಿ ಸಂಗ್ರಹವನ್ನು ಒಂದೇ ಸಾಧನದ ಮೇಲೆ ನಿಲ್ಲಿಸಬಾರದು. 2024ರ ಆಗಸ್ಟ್ 14ರಂದು ಫೇಸ್‌ಬುಕ್‌ನ ಒಡೆಯ ಮೆಟಾ, ಸಾರ್ವಜನಿಕ ಬರಹಗಳ ಜಾಡು ಹಿಡಿಯುವ ಕ್ರೌಡ್‌ಟ್ಯಾಂಗಲ್ ಸಾಧನವನ್ನು ಮುಚ್ಚಿದಾಗ ಅದನ್ನೇ ನಂಬಿದ ವಿಧಾನಗಳು ನಡುವೆಯೇ ಕೈಕೊಟ್ಟವು. ಸುಳ್ಳು ಬರಹದ ಬಗ್ಗೆ ದೂರು ಕೊಡುವ ಮೊದಲೇ ಅದರ ಪ್ರತಿ, ವಿಳಾಸ, ದಿನಾಂಕ, ಸಮಯ ಉಳಿಸಿಕೊಳ್ಳಿ. ಅಳಿಸಿದ ಮೇಲೆ ಸಾಕ್ಷ್ಯವಿಲ್ಲ. ಜರ್ಮನಿಯಲ್ಲಿ ದಂಡಸಂಹಿತೆಯ 130ನೇ ಕಲಮಿನಂತೆ ನಿರಾಕರಣೆ ಅಪರಾಧ, ಅಮೆರಿಕದಲ್ಲಿ ಅಲ್ಲ. ಹಾಗಾಗಿ ‘ಇಷ್ಟು ಬರಹ ತೆಗೆಸುತ್ತೇವೆ’ ಎಂಬ ಗುರಿ ಎಲ್ಲ ಕಡೆ ಈಡೇರುವಂಥದ್ದಲ್ಲ.

ಎಷ್ಟು ಜನ ನೋಡಿದರು ಎಂಬುದನ್ನು ಫಲಿತಾಂಶವೆಂದು ಬರೆಯಬೇಡಿ. ನೋಡುವ ಮೊದಲು, ನೋಡಿದ ಕೂಡಲೇ, ಮೂರು ತಿಂಗಳ ನಂತರ ಅದೇ ಐದು ಪ್ರಶ್ನೆ ಕೇಳಿ. ವಿಡಿಯೊ ನೋಡದ ಇನ್ನೊಂದು ಗುಂಪಿಗೂ ಕೇಳಿ. ಮೂರನೆಯ ಸುತ್ತಿಗೆ ಅರ್ಧದಷ್ಟು ಜನ ಸಿಗದೆ ಹೋಗಬಹುದು, ಶುರುವಿನಲ್ಲೇ ಎರಡರಷ್ಟು ಮಂದಿಯನ್ನು ಸೇರಿಸಿಕೊಳ್ಳಿ.

ಕೊನೆಯ ಕಂತು ಬರುವುದು ವರದಿ ಒಪ್ಪಿಗೆಯಾದ ಮೇಲೆ. ಅಲ್ಲಿಯವರೆಗಿನ ಸಂಬಳಕ್ಕೆ ಕೈಯಲ್ಲಿ ಹಣ ಎಲ್ಲಿಂದ ಬರುತ್ತದೆ ಎಂದು ಸಹಿ ಹಾಕುವ ಮೊದಲೇ ಗೊತ್ತಿರಬೇಕು.