ಮುನಿದ ಇಗ್ವಾನಾ ಮತ್ತೆ ನನ್ನ ಕೈ ಹತ್ತಿದ್ದು ಹೇಗೆ: ನನ್ನ ಅನುಭವ

ನಮ್ಮ ಮನೆಯ ಇಗ್ವಾನಾದ ಹೆಸರು ಚಿಗುರು. ಹಸಿರು ಇಗ್ವಾನಾ ಅಂದರೆ ದೊಡ್ಡ ಹಲ್ಲಿಯಂಥ ಒಂದು ಸರೀಸೃಪ; ಇವನು ಗಂಡು. ಮರಿಯಿಂದ ಸಾಕಿದವನು. ದೊಡ್ಡವನಾದ ಮೇಲೂ ತಾನಾಗಿ ತೋಳಿನ ಮೇಲೆ ಹತ್ತಿ ಭುಜದವರೆಗೆ ಬರುತ್ತಿದ್ದ. ಒಂದು ಸಲ ಅವನ ಮುಂಗಾಲಿನಲ್ಲಿ ಕೀವುಗಂಟು ಆಯಿತು. ಸರೀಸೃಪಗಳ ಕೀವು ನಮ್ಮದರಂತೆ ನೀರಾಗಿರುವುದಿಲ್ಲ, ಗಟ್ಟಿಯಾಗಿರುತ್ತದೆ. ಹಿಂಡಿದರೆ ಬರುವುದಿಲ್ಲ. ಪಶುವೈದ್ಯರು ಕೊಯ್ದು ತೆಗೆದರು. ಆಮೇಲೆ ಪ್ರತಿದಿನ ಗಾಯ ತೊಳೆಯಬೇಕು, ಇಂಜೆಕ್ಷನ್ ಕೊಡಬೇಕು. ಟವೆಲ್‌ನಲ್ಲಿ ಸುತ್ತಿ ಹಿಡಿಯದೆ ಬೇರೆ ದಾರಿ ಇರಲಿಲ್ಲ.

ಕಾಲು ಪೂರ್ತಿ ವಾಸಿಯಾಯಿತು. ಆದರೆ ಅವನ ಪಾಲಿಗೆ ನನ್ನ ಕೈ ಅಂದರೆ ನೋವು ಅಂತ ಆಗಿಹೋಗಿತ್ತು. ಗೂಡಿನ ಬಾಗಿಲಿಗೆ ಕೈ ಇಟ್ಟರೆ ಸಾಕು, ಮೈಯನ್ನು ಅಡ್ಡ ತಿರುಗಿಸಿ ಚಪ್ಪಟೆ ಮಾಡಿ, ಗಂಟಲ ಕೆಳಗಿನ ಗಂಗೆದೊಗಲು ಬಿಚ್ಚಿ, ಬಾಲ ಬೀಸುತ್ತಿದ್ದ. ಬೆಳೆದ ಇಗ್ವಾನಾದ ಬಾಲದ ಏಟು ಚರ್ಮದ ಮೇಲೆ ಬರೆ ಎಳೆಯುತ್ತದೆ. ಹಲ್ಲು ಗರಗಸದ ಅಂಚಿನ ಹಾಗಿರುತ್ತವೆ.

ವಿಶ್ವಾಸದ ಮಾತು ಆಮೇಲೆ. ಮೊದಲು ನೋಡಿದ್ದು ಅವನ ಮೈ ಆರೋಗ್ಯ. ನೋವಿರುವ ಪ್ರಾಣಿಗೆ ಯಾವ ಪಾಠವೂ ಹತ್ತುವುದಿಲ್ಲ ಅಲ್ವಾ? ವೈದ್ಯರ ಹತ್ತಿರ ಕಾಲನ್ನೂ ಮೂಳೆಗಳನ್ನೂ ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆ. ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಕೊಡುವ ದೀಪ ಹೊಸದು ಹಾಕಿದೆ. ಆ ದೀಪ ಕಣ್ಣಿಗೆ ಬೆಳಕು ಕೊಡುತ್ತಲೇ ಇರುತ್ತದೆ, ಆದರೆ 6ರಿಂದ 12 ತಿಂಗಳಲ್ಲಿ ಅದರ ಯುವಿಬಿ ಶಕ್ತಿ ಕುಗ್ಗಿರುತ್ತದೆ. ಅದಿಲ್ಲದೆ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ, ಕ್ಯಾಲ್ಸಿಯಂ ಹಿಡಿಯುವುದಿಲ್ಲ, ಮೂಳೆ ಮೆದುವಾಗಿ ನೋಯುತ್ತದೆ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಸಾಲದು, ಗಾಜು ಯುವಿಬಿಯನ್ನು ತಡೆಯುತ್ತದೆ. ಮೈ ಕಾಯಿಸಿಕೊಳ್ಳುವ ಜಾಗದಲ್ಲಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದೆಯೇ ಅಂತಲೂ ಅಳೆದು ನೋಡಿದೆ.

ಇನ್ನೊಂದನ್ನೂ ಖಚಿತ ಮಾಡಿಕೊಳ್ಳಬೇಕು. ಬೆದೆಯ ಕಾಲದಲ್ಲಿ ಗಂಡು ಇಗ್ವಾನಾಗಳು ಎಷ್ಟೇ ಸಾಧುವಾಗಿದ್ದರೂ ಕೆರಳುತ್ತವೆ. ಮೈಗೆ ಕಿತ್ತಳೆ ಬಣ್ಣ ಬರುತ್ತದೆ, ತೊಡೆಯ ಒಳಗಿನ ರಂಧ್ರಗಳು ದೊಡ್ಡದಾಗಿ ಮೇಣದಂಥದ್ದು ಹೊರಬರುತ್ತದೆ. ಗಾಜಿನಲ್ಲಿ ಕಾಣುವ ತನ್ನ ಬಿಂಬದ ಮೇಲೂ ಎರಗುವುದುಂಟು. ಹೆಣ್ಣಾದರೆ, ಗಂಡಿನ ಜೊತೆ ಇಲ್ಲದೆಯೂ ಮೊಟ್ಟೆ ತುಂಬಿಕೊಂಡು ಚಡಪಡಿಸುತ್ತಿರಬಹುದು. ಇದನ್ನು ಪಳಗಿಸಿ ಸರಿಮಾಡಲು ಆಗುವುದಿಲ್ಲ. ಗಂಡಾದರೆ ಆ ಕೆಲವು ತಿಂಗಳು ದೂರವಿರಬೇಕು, ಹೆಣ್ಣಾದರೆ ಮೊಟ್ಟೆ ಇಡಲು ಜಾಗ ಮಾಡಿಕೊಡಬೇಕು. ಚಿಗುರುವಿನಲ್ಲಿ ಈ ಯಾವ ಗುರುತೂ ಇರಲಿಲ್ಲ. ಅವನದು ಬರೀ ಭಯ.

ಹಾಗಾಗಿ ಭಯ ಹುಟ್ಟಿಸುವುದನ್ನೆಲ್ಲ ಒಂದೊಂದಾಗಿ ತೆಗೆದೆ. ಚಿಕಿತ್ಸೆಗೆ ಬಳಸಿದ ಟವೆಲ್ ಆ ಕೋಣೆಯಿಂದಲೇ ಹೊರಗೆ ಹೋಯಿತು. ಅವನ ಕೊಂಬೆಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಏರಿಸಿದೆ. ಇಗ್ವಾನಾ ಮರದ ಮೇಲೆ ಬದುಕುವ ಜೀವಿ, ಎತ್ತರದಲ್ಲಿದ್ದರೆ ಅದಕ್ಕೆ ಧೈರ್ಯ. ಅದರ ನೆತ್ತಿಯ ಮೇಲೆ ಇನ್ನೊಂದು ಪುಟ್ಟ ಕಣ್ಣಿದೆ. ಅದು ಚಿತ್ರ ನೋಡುವುದಿಲ್ಲ, ಬೆಳಕು ನೆರಳಿನ ವ್ಯತ್ಯಾಸವನ್ನು ಮಾತ್ರ ಹಿಡಿಯುತ್ತದೆ. ಮೇಲಿನಿಂದ ನೆರಳು ಬಿತ್ತು ಅಂದರೆ ಅದರ ಪಾಲಿಗೆ ಹದ್ದು ಬಂತು ಅಂತಲೇ ಅರ್ಥ. ಅದಕ್ಕೇ ಕೈ ಯಾವತ್ತೂ ಮೇಲಿನಿಂದ ಹೋಗಕೂಡದು. ಪಕ್ಕದಿಂದ, ಅದಕ್ಕೆ ಕಾಣುವ ಹಾಗೆ, ನಿಧಾನವಾಗಿ ಹೋಗಬೇಕು. ಅವಿತುಕೊಳ್ಳಲು ಎಲೆಗಳ ಮರೆಯನ್ನೂ ಮಾಡಿಕೊಟ್ಟೆ. ಓಡಲು ಜಾಗ ಇರುವ ಪ್ರಾಣಿ ಕಚ್ಚುವುದು ಕಡಿಮೆ.

ಆಮೇಲೆ ಸುಮ್ನೆ ಕೂತೆ. ಬೆಳಿಗ್ಗೆ ಅವನು ಮೈ ಕಾಯಿಸಿಕೊಂಡ ಮೇಲೆ, ದಿನಾ ಅದೇ ಹೊತ್ತಿಗೆ, ಗೂಡಿನಿಂದ ದೂರ ಕೂತು ಮೆಲುದನಿಯಲ್ಲಿ ಪುಸ್ತಕ ಓದುತ್ತಿದ್ದೆ. ಅವನನ್ನು ದಿಟ್ಟಿಸಿ ನೋಡುತ್ತಿರಲಿಲ್ಲ. ಅವನ ಕಣ್ಣು ನನ್ನ ಮೇಲಿದ್ದರೂ ಮೈ ದುಂಡಗೇ ಇರುವ ಒಂದು ದೂರ ಇರುತ್ತದೆ. ಮೊದಲು ಅದನ್ನು ಹುಡುಕಬೇಕು. ಅಲ್ಲಿಂದಲೇ ನಮ್ಮ ಕೆಲಸ ಶುರು.

ಈ ಕೂರುವಿಕೆಯಲ್ಲೇ ಅವನ ಭಾಷೆ ನನಗೆ ಸರಿಯಾಗಿ ಗೊತ್ತಾದದ್ದು. ತಲೆಯನ್ನು ನಿಧಾನವಾಗಿ ಒಂದೆರಡು ಸಲ ಮೇಲೆ ಕೆಳಗೆ ಆಡಿಸಿದರೆ ಅದು 'ನಾನಿಲ್ಲಿದ್ದೇನೆ' ಅನ್ನುವುದು. ಅದೇ ತಲೆ ಬಿರುಸಾಗಿ ಅದುರಿದರೆ ಎಚ್ಚರಿಕೆ. ಮೈ ಚಪ್ಪಟೆಯಾಗುವುದು, ಬಾಲದ ತುದಿ ಮಿಡಿಯುವುದು, ಬಾಯಿ ತೆರೆಯುವುದು, ಇವು ಅದರ ಮುಂದಿನ ಮೆಟ್ಟಿಲುಗಳು. ಮುಟ್ಟುವಾಗ ಕಣ್ಣು ಮುಚ್ಚಿದರೆ ಸುಖಪಡುತ್ತಿದೆ ಅಂತ ಜಾಸ್ತಿ ಜನ ತಿಳಿಯುತ್ತಾರೆ. ಎಷ್ಟೋ ಸಲ ಅದು 'ನೀನು ಹೋದರೆ ಸಾಕು' ಅನ್ನುವುದು. ಉಳಿದ ಮೈ ಹೇಗಿದೆ ಅಂತ ನೋಡದೆ ಬರೀ ಕಣ್ಣನ್ನು ನಂಬಬಾರದು.

ನನ್ನ ಇಡೀ ಅನುಭವದಲ್ಲಿ ಮುಖ್ಯವಾದದ್ದು ಯಾವುದು ಅಂದರೆ, ಅವನ ಸಣ್ಣ 'ಬೇಡ'ವನ್ನು ಕೇಳಿಸಿಕೊಂಡದ್ದು. ತಲೆ ಅದುರಿತೋ, ನಾನು ಅಲ್ಲೇ ನಿಂತು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. 'ಹಾಗೆ ಹಿಂದೆ ಸರಿದರೆ ಅದು ನಿನ್ನನ್ನು ಹೆದರಿಸುವುದನ್ನು ಕಲಿಯುತ್ತದೆ' ಅಂತ ಹೇಳಿದವರಿದ್ದಾರೆ. ಆ ಮಾತು ಬಾಲದ ಏಟಿಗೆ ಮತ್ತು ಕಚ್ಚುವುದಕ್ಕೆ ನಿಜ. ಬಾಲ ಬೀಸಿದ ಕೂಡಲೇ ನಾವು ಜಿಗಿದು ಓಡಿದರೆ ಬಾಲಕ್ಕೆ ಬೆಲೆ ಬಂದುಬಿಡುತ್ತದೆ. ಹಾಗಾದಾಗ ನಾನು ಏಟು ತಾಗದಷ್ಟು ದೂರದಲ್ಲಿ ಅಲುಗಾಡದೆ ನಿಲ್ಲುತ್ತಿದ್ದೆ. ಅವನ ಮೈ ಸಡಿಲವಾದ ಮೇಲೆ ಹೋಗುತ್ತಿದ್ದೆ. ಆದರೆ ಸಣ್ಣ ಸೂಚನೆಗೆ ತಕ್ಷಣ ಮರ್ಯಾದೆ ಕೊಟ್ಟೆ. ತಲೆ ಅಲ್ಲಾಡಿಸಿದರೆ ಕೆಲಸ ಆಗುತ್ತದೆ ಅಂತ ಗೊತ್ತಾದ ಮೇಲೆ ಅವನಿಗೆ ಬಾಲ ಬೀಸುವ ಅಗತ್ಯವೇ ಬರಲಿಲ್ಲ.

ಅಲುಗಾಡದ ಹಾಗೆ ಅದುಮಿ ಹಿಡಿದು, ಒದ್ದಾಟ ನಿಲ್ಲುವವರೆಗೆ ಬಿಡಬೇಡಿ ಅನ್ನುವ ಸಲಹೆಯೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಭಯದಿಂದ ಮರಗಟ್ಟಿದ ಪ್ರಾಣಿಯೂ ಒದ್ದಾಡುವುದಿಲ್ಲ. ಅದು ಶಾಂತವಾಗಿದೆ ಅಂತ ಅರ್ಥ ಅಲ್ಲ.

ತಿಂಡಿಯ ಸಹಾಯ ದೊಡ್ಡದು. ಚಿಗುರುಗೆ ದಾಸವಾಳದ ಹೂ ಅಂದರೆ ಪ್ರಾಣ. ದಿನದ ಸೊಪ್ಪು ತಟ್ಟೆಯಲ್ಲಿ ಎಂದಿನಂತೆ ಸಿಗುತ್ತಿತ್ತು, ಕಲಿಸಲೆಂದು ಹಸಿವಿನಲ್ಲಿ ಇಡುವುದು ತಪ್ಪು. ಹೂ ಮಾತ್ರ ನಾನು ಬಂದಾಗಷ್ಟೇ. ಮೊದಲು ಉದ್ದ ಹಿಡಿಯ ಚಮಚದಲ್ಲಿ ಇಟ್ಟು ಚಾಚಿದೆ. ಬೆರಳಿನಿಂದ ಕೊಡಲಿಲ್ಲ, ಬೆರಳು ಯಾವುದು ಹೂ ಯಾವುದು ಅನ್ನುವ ಗೊಂದಲ ಬರಬಾರದು ಅಂತ. ಆಮೇಲೆ ಕೋಲಿನ ತುದಿಗೆ ಬಣ್ಣದ ಚೆಂಡು ಸಿಕ್ಕಿಸಿದೆ. ಅದನ್ನು ಮೂತಿಯಿಂದ ಮುಟ್ಟಿದರೆ ಹೂ. ಅವನು ಇದನ್ನು ಚೆನ್ನಾಗಿ ಕಲಿತ. ಚೆಂಡು ಎಲ್ಲಿಗೆ ಹೋದರೆ ಅಲ್ಲಿಗೆ ಬರತೊಡಗಿದ. ನಾನು ಎಳೆಯದೆ, ತಳ್ಳದೆ, ಅವನೇ ನನ್ನ ಕಡೆ ನಡೆದು ಬರುವುದನ್ನು ನೋಡಿದಾಗ ಆದ ಸಂತೋಷ ಹೇಳಲಾರೆ.

ಮುಟ್ಟುವುದು ಬಹಳ ತಡವಾಗಿ. ಕೈಯನ್ನು ಕೊಂಬೆಯ ಪಕ್ಕ ಹಿಂಗೈ ಮೇಲಾಗಿ ಇಟ್ಟು ಸುಮ್ಮನಿದ್ದೆ. ಅವನು ನಾಲಿಗೆ ಚಾಚಿ ತಾಗಿಸಿದ. ಇಗ್ವಾನಾ ವಾಸನೆ ತಿಳಿಯುವುದು ಹಾಗೆ. ಮುಂದೆ ಒಂದು ದಿನ ಮುಂಗಾಲು ಇಟ್ಟ. ಆಮೇಲೆ ಭುಜದ ಪಕ್ಕ ಸವರಿದೆ, ತಲೆಯನ್ನಲ್ಲ. ಅವನು ಬೇಡ ಅನ್ನುವ ಮುಂಚೆಯೇ ಕೈ ತೆಗೆದೆ. ಎತ್ತುವಾಗ ಎದೆಯ ಕೆಳಗಿನಿಂದ ಕೈ ಹಾಕಿ ನಾಲ್ಕೂ ಕಾಲಿಗೆ ಆಸರೆ ಕೊಡಬೇಕು, ಬಾಲ ತೋಳಿನ ಮೇಲೆ ಒರಗಬೇಕು. ಬಾಲ ಹಿಡಿದರೆ ಅದು ಕಳಚಿ ಬರಬಹುದು.

ಇಷ್ಟೂ ದಿನ ಉದ್ದ ತೋಳಿನ ದಪ್ಪ ಅಂಗಿ ಹಾಕಿರುತ್ತಿದ್ದೆ, ಮುಖ ದೂರ ಇಟ್ಟಿರುತ್ತಿದ್ದೆ, ಮಕ್ಕಳನ್ನು ಕೋಣೆಗೆ ಬಿಡುತ್ತಿರಲಿಲ್ಲ. ಕಚ್ಚಿದರೆ ಕೈ ಎಳೆಯಬೇಡಿ, ಗಾಯ ಹರಿದು ದೊಡ್ಡದಾಗುತ್ತದೆ. ಬಿಟ್ಟ ಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಕಚ್ಚಲಿ ಬಿಡಲಿ, ಮುಟ್ಟಿದ ಪ್ರತಿ ಸಲ ಕೈ ತೊಳೆಯಲೇಬೇಕು. ಆರೋಗ್ಯವಾಗಿ ಕಾಣುವ ಇಗ್ವಾನಾದಲ್ಲೂ ನಮಗೆ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಈಗ ಅವನು ಹೆಚ್ಚಿನ ದಿನ ತಾನಾಗಿ ತೋಳಿಗೆ ಬರುತ್ತಾನೆ. ಕೆಲವು ದಿನ ಅಡ್ಡ ತಿರುಗುತ್ತಾನೆ, ಆವತ್ತು ಹೂ ಇಟ್ಟು ಹೊರಡುತ್ತೇನೆ. ಬೆದೆಯ ತಿಂಗಳುಗಳಲ್ಲಿ ಚಮಚ ಮತ್ತು ಚೆಂಡಿಗೆ ವಾಪಸ್. ಹಿಡಿದು ಮಾಡಲೇಬೇಕಾದ ಚಿಕಿತ್ಸೆ ಏನಾದರೂ ಬಂದರೆ ಆ ಕೆಲಸಕ್ಕೆ ಮನೆಯ ಇನ್ನೊಬ್ಬರು, ಬೇರೆ ಕೋಣೆ. ಉಗುರು ಕತ್ತರಿಸುವುದನ್ನು ಮಾತ್ರ ನಾನೇ ಮಾಡುತ್ತಿದ್ದೇನೆ, ಒಂದು ಸಲಕ್ಕೆ ಒಂದೇ ಉಗುರು, ಒಂದು ಹೂ. ಮುಂಗಾಲು ಎರಡನ್ನೂ ಕೊಡುತ್ತಾನೆ. ಹಿಂಗಾಲು ಮುಟ್ಟಿದರೆ ಇನ್ನೂ ತಲೆ ಅದುರುತ್ತದೆ, ಹಾಗಾಗಿ ಸದ್ಯಕ್ಕೆ ಅಲ್ಲಿ ಕತ್ತರಿ ತರದೆ ಬರೀ ಬೆರಳು ತಾಗಿಸುವ ಅಭ್ಯಾಸ ನಡೆಸಿದ್ದೇವೆ.