ಗಣಿತಕ್ಕೆ ಹೆದರುವವರು ಯಾವ ಪುಸ್ತಕದಿಂದ ಶುರು ಮಾಡಬೇಕು?

ಗಣಿತ ಅಂದರೆ ದೂರ ಓಡುವವರು ಮೊದಲು ಅಂಕಿಅಂಶಶಾಸ್ತ್ರದ (ಸ್ಟಾಟಿಸ್ಟಿಕ್ಸ್) ಪುಸ್ತಕ ಹಿಡಿಯಿರಿ. ಡ್ಯಾರೆಲ್ ಹಫ್ ಅವರ ‘ಹೌ ಟು ಲೈ ವಿತ್ ಸ್ಟಾಟಿಸ್ಟಿಕ್ಸ್’ (1954) ತೆಳ್ಳಗಿದೆ, ಚಿತ್ರಗಳಿವೆ, ಕೂಡು-ಕಳೆ ಬಂದರೆ ಸಾಕು. ಶುರುವಿನಲ್ಲೇ ಒಂದು ಸುದ್ದಿ: ಯೇಲ್ ವಿಶ್ವವಿದ್ಯಾಲಯದ 1924ರ ಬ್ಯಾಚಿನವರ ಸರಾಸರಿ ವಾರ್ಷಿಕ ಆದಾಯ 25,111 ಡಾಲರ್. ಅಲ್ಲೇ ಪುಸ್ತಕ ಮುಚ್ಚಿ, ಈ ಲೆಕ್ಕದಲ್ಲಿ ಯಾರು ಬಿಟ್ಟುಹೋಗಿರಬಹುದು ಅಂತ ಪೆನ್ಸಿಲ್ ಹಿಡಿದು ಬರೆಯಿರಿ. ಆಮೇಲೆ ಮುಂದೆ ಓದಿ. ವಿಳಾಸ ಸಿಗದವರು, ಆದಾಯ ಹೇಳಿಕೊಳ್ಳಲು ಇಷ್ಟವಿಲ್ಲದವರು ಹೊರಗೇ ಉಳಿದಿದ್ದಾರೆ! ಇದೇ ಪ್ರಶ್ನೆಯನ್ನು ಕೋಚಿಂಗ್ ಸೆಂಟರಿನ ಜಾಹೀರಾತಿಗೂ ಕೇಳಿ ನೋಡಿ. (ಇದೇ ಹಫ್ ಮುಂದೆ 1965ರಲ್ಲಿ ತಂಬಾಕು ಕಂಪನಿಗಳ ಪರ ಅಮೆರಿಕದ ಸಂಸತ್ತಿನಲ್ಲಿ ಸಾಕ್ಷಿ ಹೇಳಿದರು. ನನಗೆ ಬಹಳ ಬೇಸರ ತಂದ ವಿಷಯ. ಆದರೂ ಪುಸ್ತಕ ಓದಲೇಬೇಕಾದ್ದು.)

ಅರ್ಥಶಾಸ್ತ್ರಕ್ಕೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ‘ಪೂರ್ ಎಕನಾಮಿಕ್ಸ್’ (2011). ಉದಯಪುರದ ಹಳ್ಳಿಗಳಲ್ಲಿ ಮಗುವಿಗೆ ಲಸಿಕೆ ಹಾಕಿಸಿದರೆ ಒಂದು ಕೆಜಿ ಬೇಳೆ ಕೊಟ್ಟು ನೋಡಿದ ಭಾಗವನ್ನು ನಿಧಾನವಾಗಿ ಓದಿ. ಬೇಳೆ ಕೊಡದ ಹಳ್ಳಿಗಳನ್ನೂ ಜೊತೆಗಿಟ್ಟು ಹೋಲಿಸಿದ್ದೇ ಅದರ ಜೀವಾಳ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ (2011) ಕೈಗೆತ್ತಿಕೊಂಡವರು ನಾಲ್ಕನೇ ಅಧ್ಯಾಯದ ಪ್ರೈಮಿಂಗ್ (ಮೊದಲು ಕಂಡ ಪದ, ಚಿತ್ರ ನಮಗೆ ಗೊತ್ತಿಲ್ಲದೆ ಮುಂದಿನ ನಡೆಯನ್ನು ಬದಲಿಸುವುದು) ಪ್ರಯೋಗಗಳನ್ನು ಪೂರ್ತಿ ನಂಬಬೇಡಿ. ತೀರಾ ಸಣ್ಣ ಅಧ್ಯಯನಗಳನ್ನು ಅತಿಯಾಗಿ ನಂಬಿದೆ ಅಂತ 2017ರಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಪುಸ್ತಕ ಕೊಂಡವರು ಆ ಪುಟದ ಅಂಚಿನಲ್ಲಿ ಇದನ್ನು ಗುರುತು ಹಾಕಿಕೊಳ್ಳಿ.